ಮೂಗಿನ ನಾಯಿ

ನಮ್ಮೂರಿನಲ್ಲಿ ಮದುವೆಗೆ ಮುಂಚೆ ಯಾರೂ ಜಾತಕ ನೋಡುವುದಿಲ್ಲ, ಮದುವೆಯಾದ ಮೇಲೆ ನಾಯಿ ನೋಡುತ್ತಾರೆ. ನಮ್ಮೂರು ಅಂತ ಈಗ ಹೇಳುತ್ತಿದ್ದೇನೆ, ಮೊದಲು ಅದು ನನ್ನ ಬಸ್ಸಿನ ಕೊನೆಯ ಸ್ಟಾಪು ಅಷ್ಟೇ ಆಗಿತ್ತು. ನಾನು ಕಂಡಕ್ಟರ್. ಆ ರೂಟಿಗೆ ನನ್ನನ್ನು ಹಾಕಿದ ದಿನ ಡ್ರೈವರ್ ಹುಸೇನಸಾಬರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಒಂದು ಮಾತು ಹೇಳಿದರು. "ಮಹಾನಂದಾ, ಆ ಊರಾಗ ಮಂದಿ ಮಾರಿ ನೋಡಬ್ಯಾಡವ್ವ. ಮೊದಲ ಅವರ ಮನ್ಯಾಗ ಎಂಥಾ ನಾಯಿ ಐತಿ ಕೇಳು. ಚಿಲ್ಲರೆ ಕೊಡ್ತಾರೋ ಜಗಳಾ ತಗೀತಾರೋ ಅದರಾಗ ಗೊತ್ತಾಗತೈತಿ." ನಾನು ನಕ್ಕುಬಿಟ್ಟೆ. ಸಾಬರು ನಗಲಿಲ್ಲ.

ಆ ಊರಿನಲ್ಲಿ ನಾಯಿಯೊಂದು ಹೊಸಿಲು ದಾಟಿ ಒಳಗೆ ಬಂದು, ಮನೆಯವರೆಲ್ಲರ ಕೈಯಿಂದ ಒಂದೊಂದು ತುತ್ತು ರೊಟ್ಟಿ ತಿಂದಿತೆಂದರೆ ಅದರ ಗುಣ ಮನೆಯವರಿಗೆ ಬರುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಹುಣಸೆಹಣ್ಣು ಯಾಕೆ ಹುಳಿ ಅಂತ ಯಾರು ಕೇಳುತ್ತಾರೆ? ಪೋಸ್ಟ್ ಮಾಸ್ತರ ಮನೆಯಲ್ಲಿ ಮುಧೋಳ ನಾಯಿ ಇದೆ. ಬೆಳಗಾದರೆ ಮಾಸ್ತರು, ಅವರ ಹೆಂಡತಿ, ಮಾಸ್ತರ ತಾಯಿ ಮೂವರೂ ಕೆರೆ ಏರಿಯ ಮೇಲೆ ಓಡುತ್ತಿರುತ್ತಾರೆ. ಮುದುಕಿಯೇ ಎಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕಿರಾಣಿ ಅಂಗಡಿಯ ಮಡಿವಾಳಪ್ಪನವರದು ಪಗ್ ನಾಯಿ. ಮಧ್ಯಾಹ್ನ ಊಟವಾದರೆ ಆ ಮನೆಯಲ್ಲಿ ನಾಯಿಯಿಂದ ಹಿಡಿದು ಸೊಸೆಯವರೆಗೆ ಎಲ್ಲರೂ ಗೊರಕೆ ಹೊಡೆಯುತ್ತಾರೆ. ಗಿರಾಕಿಗಳು ತಾವೇ ತೂಕ ಮಾಡಿಕೊಂಡು, ದುಡ್ಡು ಗಲ್ಲಾಕ್ಕೆ ಹಾಕಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಟೇಲರ್ ವಿಠ್ಠಲ ಕುರಿ ಕಾಯುವ ನಾಯಿಯನ್ನು ತಂದು ಕೆಟ್ಟ. ಈಗ ಅವರ ಮನೆಯಲ್ಲಿ ಒಬ್ಬರು ಒಂದು ಕೋಣೆಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಇರಲು ಸಾಧ್ಯವೇ ಇಲ್ಲ. ಯಾರಾದರೂ ಬಚ್ಚಲಿಗೆ ಹೋದರೆ ಉಳಿದವರೆಲ್ಲ ಬಾಗಿಲ ಹೊರಗೆ ಸಾಲಾಗಿ ನಿಂತು ಕಾಯುತ್ತಾರೆ. ಪಮೇರಿಯನ್ ಇರುವ ಮನೆಯ ವಿಷಯ ನಾನು ಹೇಳುವುದಿಲ್ಲ, ಅವರೇ ಹೇಳುತ್ತಾರೆ, ಬೀದಿಯಲ್ಲಿ ಒಂದು ಸಲ ನಡೆದುಹೋದರೆ ಸಾಕು.

ಹೀಗಾಗಿ ನಾಯಿ ಆರಿಸುವುದೆಂದರೆ ಅಲ್ಲಿ ಹುಡುಗಾಟವಲ್ಲ. ಮುಂದಿನ ಹತ್ತು ಹನ್ನೆರಡು ವರ್ಷ ತಾವು ಎಂಥವರಾಗಿ ಬದುಕಬೇಕು ಅನ್ನುವುದನ್ನು ಆರಿಸಿದ ಹಾಗೆ. ಸಂಸಾರ ಹೊಸದಾದರೆ ನಾಯಿಯೂ ಹೊಸದಾಗಬೇಕು. ಮನೆಯಲ್ಲಿ ಒಬ್ಬರು ತುತ್ತು ಕೊಡದಿದ್ದರೂ ನಾಯಿ ವಾಪಸ್ಸು ಹೋಗುತ್ತದೆ. ಯುಗಾದಿಯೊಳಗೆ ಯಾವ ನಾಯಿಯೂ ಒಗ್ಗದಿದ್ದರೆ, ತುತ್ತು ಕೊಡದವರು ಆ ಮನೆಯವರಲ್ಲ ಎಂದು ಊರು ತೀರ್ಮಾನಿಸುತ್ತದೆ. ಅವರು ಬೇರೆ ಯಾರದಾದರೂ ಮನೆಗೆ ಹೋಗಿ ಇರಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ನಾನು ಆ ಊರಿನ ಸೊಸೆಯಾದ ಮೇಲೆ.

ನನ್ನ ಮದುವೆಯ ಮಾತು ಎಲ್ಲರೂ ಬಿಟ್ಟುಬಿಟ್ಟಿದ್ದರು, ನಾನೂ ಬಿಟ್ಟಿದ್ದೆ. ಆಗ ಸಿಕ್ಕವರು ಚನ್ನವೀರ. ಕೊನೆಯ ಸ್ಟಾಪಿನ ಎದುರಿಗೇ ಇವರ ಹಿಟ್ಟಿನ ಗಿರಣಿ. ಬಸ್ಸು ನಿಂತ ಹೊತ್ತಿನಲ್ಲಿ ನಾನು ನೀರು ಕುಡಿಯಲು ಹೋಗುತ್ತಿದ್ದೆ, ಇವರು ಹಿಟ್ಟು ಮೆತ್ತಿದ ರೆಪ್ಪೆಗಳನ್ನು ಪಿಳಿಪಿಳಿ ಮಾಡುತ್ತ ತಂಬಿಗೆ ಕೊಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಮೊದಲ ಹೆಂಡತಿ ದಾಕ್ಷಾಯಿಣಿ ಜ್ವರದಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಒಬ್ಬಳೇ ಮಗಳು, ಶಿವಲೀಲಾ, ನಾಲ್ಕನೇ ಇಯತ್ತೆ. ಹೆಂಡತಿ ಹೋದಾಗ ಮನೆಯ ನಾಯಿಯನ್ನು ಅವಳ ತವರಿಗೆ ಕಳಿಸುವುದು ಅಲ್ಲಿನ ಪದ್ಧತಿ, ಕಳಿಸಿದ್ದರು. ನಾನು ಬರುವ ಮೊದಲು ಇವರು ಮನೆಗೆಲ್ಲ ಸುಣ್ಣ ಹೊಡೆಸಿ, ಹಳೆಯ ಹಾಸಿಗೆ ಸೀರೆಗಳನ್ನೆಲ್ಲ ಕೊಟ್ಟು, ನೆಲ ಉಜ್ಜಿಸಿ ಇಟ್ಟಿದ್ದರು. ಮನೆ ಲಕಲಕ ಹೊಳೆಯುತ್ತಿತ್ತು. ಹುಡುಗಿ ಮಾತ್ರ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ರೊಟ್ಟಿ ಬೇಕಾದರೆ ಬುಟ್ಟಿಯ ಕಡೆ ನೋಡುತ್ತಿದ್ದಳು, ನೀರು ಬೇಕಾದರೆ ಕೊಡದ ಕಡೆ. ಬಸ್ಸಿನಲ್ಲಿ ದಿನಕ್ಕೆ ಎಷ್ಟೋ ಮಂದಿಯನ್ನು ಬಾಯಿಯಿಂದಲೇ ಹಿಂದೆ ಮುಂದೆ ಸರಿಸುವವಳು ನಾನು, ಈ ಒಂದು ಮೊಳದ ಹುಡುಗಿಯ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ನನಗೆ ರಜೆ ಇದ್ದ ಒಂದು ದಿನ ಮೂವರೂ ನಾಯಿಮನೆಗೆ ಹೋದೆವು. ಕೆರೆಯ ಆಚೆ ಉದ್ದಕ್ಕೆ ತಗಡು ಹೊದೆಸಿದ ಜಾಗ ಅದು. ಅದನ್ನು ನೋಡಿಕೊಳ್ಳುವವರು ಸಾವಂತ್ರೆವ್ವ. ಅವರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಕೇಳಲು ಶುರು ಮಾಡಿದರು. ಯಾರು ಮೊದಲು ಏಳುತ್ತೀರಿ, ಊಟ ಬೇಗನೋ ತಡವೋ, ನೆಂಟರು ಬಂದರೆ ಸಂತೋಷವೋ ಸಂಕಟವೋ.

"ಜಗಳಾ ಆದ್ರ ಯಾರು ಮೊದಲ ಮಾತಾಡಸ್ತೀರಿ?" ಅಂದರು.

"ಇನ್ನೂ ಜಗಳಾ ಆಗಿಲ್ರಿ," ಅಂದೆ.

"ಅಯ್ಯ, ಅದ ದೊಡ್ಡ ರೋಗ," ಅಂತ ಸಾವಂತ್ರೆವ್ವ ಗಲ್ಲಕ್ಕೆ ಕೈ ಇಟ್ಟುಕೊಂಡರು. "ಜಗಳಾ ಇಲ್ಲ, ಮಾತಿಲ್ಲ. ನಿಮಗ ಲ್ಯಾಬ್ರಡಾರ್ ಬೇಕು ನೋಡ್ರಿ. ಯಾರು ಬಂದ್ರೂ ಮೈಮ್ಯಾಲೆ ಬಿದ್ದು ಮಾತಾಡಸ್ತೈತಿ. ಒಂದ ತಿಂಗಳದಾಗ ಮೂರೂ ಮಂದಿ ಒಬ್ಬರ ತೊಡಿಮ್ಯಾಲೆ ಒಬ್ಬರು ಕೂಡ್ತೀರಿ."

ನನಗೆ ಆ ಮಾತು ಬಹಳ ಹಿಡಿಸಿತು. ಇವರೂ ತಲೆಯಾಡಿಸಿದರು. ಆದರೆ ಶಿವಲೀಲಾ ಅಷ್ಟರಲ್ಲಿ ಎದ್ದು ತಗಡಿನ ಕೊನೆಗೆ ಹೋಗಿ ನಿಂತಿದ್ದಳು. ಅಲ್ಲೊಂದು ಜೋಲುಕಿವಿಯ, ಎಳ್ಳು ಬೆಲ್ಲದ ಬಣ್ಣದ ಸಣ್ಣ ಹೆಣ್ಣುನಾಯಿ. ಅದು ತಲೆ ಎತ್ತಲೇ ಇಲ್ಲ, ಮೂಗನ್ನು ನೆಲಕ್ಕೆ ಹಚ್ಚಿಕೊಂಡು ಅವಳ ಚಪ್ಪಲಿ, ಬೆರಳು, ಲಂಗದ ಅಂಚು ಎಲ್ಲವನ್ನೂ ಓದುವವರ ಹಾಗೆ ಮೂಸುತ್ತಿತ್ತು. ಬೀಗಲ್ ಅಂತಾರಂತೆ, ಊರವರು ಕರೆಯುವುದು ಮೂಗಿನ ನಾಯಿ ಎಂದು.

"ಅದು ಬ್ಯಾಡ ಮಗಳ," ಅಂದರು ಸಾವಂತ್ರೆವ್ವ. ದನಿ ಸಣ್ಣದಾಗಿತ್ತು. "ಅದು ಹೊಸಾ ಸಂಸಾರಕ್ಕ ಆಗಿಬರೂದಲ್ಲ."

ಇವರು ಮಗಳ ಕೈ ಹಿಡಿದು ಎಳೆದುಕೊಂಡು ಬಂದರು. ಯಾಕೆಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಲ್ಯಾಬ್ರಡಾರ್ ಮನೆಗೆ ಬಂತು. ಹೊಸಿಲು ದಾಟುವಾಗಲೇ ಬಾಲದಿಂದ ತಂಬಿಗೆ ಉರುಳಿಸಿತು. ನಾನು ತುತ್ತು ಕೊಟ್ಟೆ, ಇವರು ಕೊಟ್ಟರು. ಶಿವಲೀಲಾ ತನ್ನ ಪಾಲಿನ ತುತ್ತನ್ನು ಮುಷ್ಟಿಯಲ್ಲಿ ಹಿಡಿದು, ನಾಯಿಯ ಮುಖ ನೋಡಿ, ತಾನೇ ತಿಂದುಬಿಟ್ಟಳು. ನಾಯಿ ವಾಪಸ್ಸು ಹೋಯಿತು. ಆಮೇಲೆ ಒಂದು ಪಗ್ ಬಂತು, ಅದಕ್ಕೂ ಹಾಗೇ. ಮತ್ತೆ ಬಿಳಿ ಜೂಲುನಾಯಿಯೊಂದು ಬಂತು, ಅದಕ್ಕೂ ಹಾಗೇ. ಊರಲ್ಲಿ ಮಾತು ಶುರುವಾಯಿತು. ನನ್ನ ಬಸ್ಸಿನಲ್ಲೇ, ನನ್ನ ಕಿವಿಗೆ ಬೀಳುವ ಹಾಗೆಯೇ, ಕಂಡಕ್ಟರಮ್ಮನ ಮನೆಗೆ ನಾಯಿ ಒಗ್ಗುತ್ತಿಲ್ಲವಂತೆ ಎಂದರು. ನಾನು ಟಿಕೆಟ್ ಹರಿದು ಕೈಗೆ ಕೊಟ್ಟು "ಮುಂದ ನಡೀರಿ" ಅಂದೆ. ದಾಕ್ಷಾಯಿಣಿಯ ತಮ್ಮ ಅಡಿವೆಪ್ಪ ಒಂದು ದಿನ ಬಂದು ಜಗುಲಿಯ ಮೇಲೆ ಕುಳಿತು, ಕೆಟ್ಟದಾಗೇನೂ ಅಲ್ಲ, ಮೆತ್ತಗೇ ಹೇಳಿದ. "ಮಾವ, ಹುಡುಗೀನ್ನ ಯಾಕ ತ್ರಾಸ ಮಾಡ್ತೀರಿ? ಯುಗಾದಿಗೆ ನಮ್ಮ ಮನಿಗೆ ಕರಕೊಂಡ ಹೋಗ್ತೀನಿ. ನೀವು ಕಳಿಸಿದ ನಾಯಿ ಅಲ್ಲೇ ಐತಿ, ಅಕಿ ಕೈತುತ್ತು ಮೊದಲ ಉಂಡೈತಿ."

ಅವತ್ತು ಸಂಜೆ ರೊಟ್ಟಿ ಬಡಿಯುತ್ತ ನಾನು ಇವರನ್ನು ಕೇಳಿದೆ. ಹುಡುಗಿಗೆ ಆ ಜೋಲುಕಿವಿಯ ನಾಯಿಯೇ ಬೇಕಾಗಿದ್ದರೆ ಕೊಡಿಸಿದರೇನು?

ಇವರು ಒಲೆಯ ಕಡೆ ನೋಡುತ್ತ ಕುಳಿತರು. "ಮೂಗಿನ ನಾಯಿ ಬಂದ್ರ ನಮ್ಮ ಮೂಗೂ ತೆರಿತಾವು, ಮಹಾನಂದಾ. ಎಂದೋ ಇದ್ದದ್ದು, ಯಾರೋ ಮುಟ್ಟಿದ್ದು, ಎಲ್ಲಾ ವಾಸನಿ ಬರತಾವು. ಅಕಿಗೆ ಅವ್ವನ ವಾಸನಿ ಬೇಕಾಗೈತಿ."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಸತ್ತವಳು ಫೋಟೋದಲ್ಲಿದ್ದರೆ ದಿನಾ ಹೂ ಏರಿಸಬಹುದು. ಆದರೆ ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಗಂಡನ ಅಂಗಿಯಲ್ಲಿ ಅವಳದೇ ವಾಸನೆ ಏಳುತ್ತಿದ್ದರೆ ನಾನು ಎಲ್ಲಿ ಇರಲಿ? "ಅದಕ್ಕ ಬ್ಯಾಡ ಅಂದ್ರ್ಯಾ? ನನ್ನ ಸಲುವಾಗಿ?" ಅಂದೆ.

"ಇಲ್ಲ," ಅಂದರು. ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟು ಮುಂದುವರಿಸಿದರು. "ಸುಣ್ಣಾ ಹೊಡಸಿದ್ದೂ ನಿನ್ನ ಸಲುವಾಗಿ ಅಲ್ಲ. ನನಗ ತಡಕೊಳ್ಳಾಕ ಆಗತಿರಲಿಲ್ಲ. ಊರ ಮಂದಿ ಹೊಸಾ ಹೇಂತಿಗೆ ಮನಿ ಚಂದ ಮಾಡಸ್ಯಾನ ಅಂದ್ರು. ನಾ ಹೌದಂದೆ."

ಆ ಮಾತು ಕೇಳಿ ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಅಯ್ಯೋ ಅನಿಸುವ ಪ್ರೀತಿ. ಈ ಮನುಷ್ಯ ಅಳುವುದಕ್ಕೂ ನನ್ನ ಹೆಸರು ಹೇಳಬೇಕಾಯಿತಲ್ಲ! ಒಳಕೋಣೆಯಲ್ಲಿ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳು ಕೇಳುತ್ತಿರುವುದು ಆಟದ ಸಾಮಾನಲ್ಲ, ಹೆತ್ತವಳನ್ನು. ಕೊಡುವುದಿಲ್ಲ ಅನ್ನಲು ನಾನು ಯಾರು? ನನಗೆ ಹೆದರಿಕೆ ಇತ್ತು, ಅದು ಹೋಗಲಿಲ್ಲ. ಹೆದರಿಕೆ ಇಟ್ಟುಕೊಂಡೇ ಹೇಳಿದೆ. "ನಾಳೆ ನಾನ ಹೋಗಿ ತರ್ತೀನಿ. ನೀವು ತುತ್ತು ಕೊಡ್ರಿ. ತಡಕೊಳ್ಳಾಕ ಆಗಲಿಲ್ಲಂದ್ರ ಗಿರಣಿ ಕೀಲಿ ಹಾಕಿ ನನ್ನ ಬಸ್ಸಿಗೆ ಬಂದು ಕೂಡ್ರಿ. ಒಂದ ಟ್ರಿಪ್ಪು ತಿರಗ್ಯಾಡಿ ಬರೂಣು. ಟಿಕೆಟ್ ನಾ ತಗಸ್ತೀನಿ."

ಇವರು ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ನಾಯಿಯನ್ನು ಹಿಡಿದುಕೊಂಡು ಗೇಟಿನ ಮುಂದೆ ನಿಂತೆ. ಶಿವಲೀಲಾ ನನ್ನನ್ನು ನೋಡಲಿಲ್ಲ, ನಾಯಿಯನ್ನು ನೋಡಿ ಪಾಟಿಚೀಲ ಬಿಸಾಡಿ ಓಡಿ ಬಂದಳು. ಬಣ್ಣ ನೋಡಿ ದಾರಿಯಲ್ಲೇ ಅದಕ್ಕೆ ಎಳ್ಳುಬೆಲ್ಲದ ಉಂಡೆಯ ಹೆಸರಿಟ್ಟಳು, ಚಿಗಳಿ ಎಂದು. ಮನೆಯಲ್ಲಿ ಮೊದಲ ತುತ್ತು ಅವಳದು, ಎರಡನೆಯದು ನನ್ನದು. ಇವರು ಮೂರನೆಯದನ್ನು ಮುಷ್ಟಿಯಲ್ಲೇ ಹಿಡಿದುಕೊಂಡರು. ಚಿಗಳಿ ಆ ಮುಷ್ಟಿಯನ್ನು ನಿಧಾನವಾಗಿ ಮೂಸಿ, ಅದು ಬಿಚ್ಚುವವರೆಗೆ ಕಾದು, ಆಮೇಲೆ ತುತ್ತು ತೆಗೆದುಕೊಂಡಿತು.

ಬೆಳಗ್ಗೆ ಎದ್ದಾಗ ನನ್ನ ಮೂಗು ನನ್ನದಾಗಿರಲಿಲ್ಲ. ಪಕ್ಕದ ಮನೆಯವರು ಇವತ್ತು ಏನು ಅಡುಗೆ ಮಾಡುತ್ತಾರೆಂಬುದು ಅವರಿಗಿಂತ ಮೊದಲೇ ನನಗೆ ಗೊತ್ತಾಯಿತು. ಬಸ್ಸಿನಲ್ಲಂತೂ ಕೇಳಬೇಡಿ. ಯಾರು ಎಲ್ಲಿಂದ ಬಂದರು, ಯಾರ ಚೀಲದಲ್ಲಿ ಒಣಮೀನಿದೆ, ಯಾರು ಅತ್ತು ಮುಖ ತೊಳೆದುಕೊಂಡು ಹತ್ತಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು. ಪರಸಂಗಿ ಕಟ್ಟೆಯಲ್ಲಿ ಹತ್ತಿದ ಒಬ್ಬ ಭಾರೀ ಮೀಸೆಯ ಗಂಡಸು, ಈಗಷ್ಟೇ ಕೂಸನ್ನು ಎತ್ತಿ ಆಡಿಸಿ ಬಂದಿದ್ದ, ಹೆಗಲ ಮೇಲೆಲ್ಲ ಹಾಲಿನ ವಾಸನೆ. ಆವತ್ತು ಅವನು ಚಿಲ್ಲರೆ ಇಲ್ಲ ಎಂದು ಗುರ್ ಎಂದಾಗ ನನಗೆ ಸಿಟ್ಟೇ ಬರಲಿಲ್ಲ. ನನ್ನನ್ನು ನಾನು ಮೂಸಿಕೊಂಡೆ. ಡೀಸೆಲ್ಲು, ನಾಣ್ಯ, ಜನರ ಬೆವರು. ಇವರು ಇಷ್ಟು ದಿನ ಏನೂ ಅನ್ನದೆ ಪಕ್ಕದಲ್ಲಿ ಮಲಗಿದ್ದರಲ್ಲ ಎಂದು ನಾಚಿಕೆಯಾಯಿತು.

ಸಂಜೆ ಮನೆಗೆ ಬಂದರೆ ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಗೋಡೆ, ಕದ, ಅಟ್ಟ, ದೇವರ ಗೂಡು, ಬಚ್ಚಲ ಕಲ್ಲು, ಒಂದನ್ನೂ ಬಿಡದೆ ಚಿಗಳಿಯ ಹಿಂದೆ ಮೂಸುತ್ತ ತಿರುಗಿದ್ದಳು. ಮೊಣಕಾಲು ಕೆಂಪಾಗಿದ್ದವು, ಮೂಗಿನ ತುದಿಯಲ್ಲಿ ಬಿಳಿ ಹತ್ತಿತ್ತು.

"ಬರೇ ಸುಣ್ಣ," ಅಂದಳು. "ಎಲ್ಲಾ ಕಡೆ ಬರೇ ಸುಣ್ಣ, ಫಿನೈಲು." ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನು ಕೈ ಚಾಚಿದರೆ ಹಿಂದೆ ಸರಿದಳು. ಅಪ್ಪ ಬಂದು ನಿಂತಾಗ ಅವರ ಮುಖವನ್ನು ನೋಡಿ ಒಂದೇ ಮಾತು ಕೇಳಿದಳು. "ಯಾಕ ಒರಸಿಬಿಟ್ಟಿ ಅಪ್ಪಾ?"

ಯುಗಾದಿ ಹತ್ತಿರ ಬಂತು. ನಾಯಿ ಒಗ್ಗಿತೆಂದು ಊರು ಸುಮ್ಮನಾಯಿತು, ಆದರೆ ಹುಡುಗಿಯೇ ತನ್ನ ಬಟ್ಟೆ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಇಟ್ಟಳು. ಮಾವನ ಮನೆಯಲ್ಲಿ ಯಾರೂ ಸುಣ್ಣ ಹೊಡೆಸಿಲ್ಲ, ಅವ್ವ ಸಣ್ಣವಳಿದ್ದಾಗ ಮಲಗುತ್ತಿದ್ದ ಕೌದಿ ಅಲ್ಲಿದೆ, ಚಿಗಳಿಯನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತೇನೆ ಎಂದಳು. ಹಟ ಮಾಡಿ ಹೇಳಿದ್ದರೆ ಬೈಯಬಹುದಿತ್ತು, ಅವಳು ದೊಡ್ಡವರ ಹಾಗೆ ಶಾಂತವಾಗಿ ಹೇಳಿದಳು. ಅಡಿವೆಪ್ಪ ಹಬ್ಬದ ಹಿಂದಿನ ದಿನ ಬರುತ್ತೇನೆಂದು ಹೇಳಿ ಕಳಿಸಿದ. ಇವರು ಗಿರಣಿಯಲ್ಲಿ ಹೆಚ್ಚು ಹೊತ್ತು ಉಳಿಯತೊಡಗಿದರು. ಊಟಕ್ಕೂ ಬರುತ್ತಿರಲಿಲ್ಲ. ದುಃಖ ಇರಬೇಕು, ಇರಲಿ ಎಂದು ನಾನೂ ಕೆದಕಲಿಲ್ಲ.

ಹಬ್ಬಕ್ಕೆಂದು ಸಿಕ್ಕ ರಜೆಯ ದಿನ ಬುತ್ತಿ ಕಟ್ಟಿಕೊಂಡು, ಚಿಗಳಿಯನ್ನೂ ಕರೆದುಕೊಂಡು ಗಿರಣಿಗೆ ಹೋದೆ. ಹುಡುಗಿ ಶಾಲೆಯಲ್ಲಿದ್ದಳು. ಗಿರಣಿ ಓಡುತ್ತಿತ್ತು, ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿ ಸಾಲು ಹಚ್ಚಿ ಕುಳಿತಿದ್ದರು. ಒಳಗೆ ಕಾಲಿಟ್ಟದ್ದೇ ಚಿಗಳಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಮಿಶಿನ್ನಿನ ಮುಂದೆ ಹೋಗಿ ಕುಳಿತು, ಮುಖ ಮೇಲೆತ್ತಿ ಉದ್ದಕ್ಕೆ ಕೂಗಿತು.

ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಬಟ್ಟೆಯ ಒಂದು ತೋಳು ಕಟ್ಟಿರುತ್ತಾರೆ, ಹಿಟ್ಟು ಹಾರಿಹೋಗದೆ ಡಬ್ಬಿಯಲ್ಲೇ ಬೀಳಲಿ ಎಂದು. ಅದು ಹಳೆಯ ಸೀರೆಯಲ್ಲಿ ಹೊಲಿದದ್ದು, ಹಿಟ್ಟು ಕುಡಿದು ಕುಡಿದು ಬಣ್ಣವೇ ತಿಳಿಯುತ್ತಿರಲಿಲ್ಲ. ನಾನು ಹತ್ತಿರ ಹೋದೆ. ಮೊದಲು ಬಂದದ್ದು ಜೋಳದ ವಾಸನೆ. ಅದರ ಕೆಳಗೆ ಇವರ ಕೈಯದು, ನನಗೆ ಗೊತ್ತಿರುವುದು. ಅದರ ಕೆಳಗೆ, ಗಂಟು ಕಟ್ಟುವ ಲಾಡಿಯ ಹತ್ತಿರ, ಇನ್ನೊಂದು. ಕೊಬ್ಬರಿಎಣ್ಣೆ, ಓಮು, ಬಿಸಿಲಲ್ಲಿ ಆಡಿಬಂದ ಹುಡುಗಿಯ ನೆತ್ತಿಯ ವಾಸನೆ, ಆದರೆ ದೊಡ್ಡವಳದು. ಶಿವಲೀಲಾ ತನ್ನ ಜಡೆ ಹಾಕಲು ಒಂದೇ ಒಂದು ಸಲ ನನಗೆ ಬಿಟ್ಟಿದ್ದಳು. ಆ ತಲೆಯ ವಾಸನೆಯೇ ಇದು, ಇನ್ನಷ್ಟು ಮಾಗಿದ್ದು. ನಾನು ಮುಖ ನೋಡದವಳನ್ನು ಗುರುತು ಹಿಡಿದೆ.

ಹೇಗಿತ್ತು ಅಂದರೆ, ಸವತಿಯ ಎದುರು ನಿಂತ ಹಾಗಿರಲಿಲ್ಲ. ಯಾರದೋ ಮನೆಗೆ ಹೋದಾಗ ಕೆಲಸದ ನಡುವೆ ಕೈ ಒರೆಸಿಕೊಂಡು ಬಂದು ಬಾಗಿಲು ತೆಗೆದವಳನ್ನು ಕಂಡ ಹಾಗಿತ್ತು. ದಣಿದಿದ್ದಳು, ಒಳ್ಳೆಯವಳಿದ್ದಳು.

ಆಮೇಲೆ ತಲೆ ಎತ್ತಿ ಇವರನ್ನು ನೋಡಿದೆ. ಇವರು ನನ್ನನ್ನೇ ನೋಡುತ್ತಿದ್ದರು. ಇವರಿಗೂ ಮೂಗು ತೆರೆದು ಅಷ್ಟೇ ದಿನ ಆಗಿತ್ತಲ್ಲ. ಇಡೀ ದಿನ ಇಲ್ಲೇ ನಿಂತಿರುವವರು.

"ನಿಮಗ ಗೊತ್ತಿತ್ತು," ಅಂದೆ.

ಮಿಶಿನ್ನಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ತಲೆ ತಗ್ಗಿಸಿದರು. ಊಟಕ್ಕೆ ಬಾರದಿದ್ದದ್ದು ಯಾಕೆಂದು ಆಗ ತಿಳಿಯಿತು. ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಗಂಡ ದಿನವಿಡೀ ಇನ್ನೊಬ್ಬಳ ಹತ್ತಿರ ಕುಳಿತು ಬಂದ ಹಾಗೇ ನೋವಾಯಿತು. ಒಂದು ಗಳಿಗೆ ಇನ್ನೂ ಕೆಟ್ಟದ್ದು ಹೊಳೆಯಿತು: ಈ ಬಟ್ಟೆ ಇಲ್ಲಿದೆ ಎಂದು ಹುಡುಗಿಗೆ ಗೊತ್ತಿಲ್ಲ. ನಾಳೆ ಅವಳು ಮಾವನ ಮನೆಗೆ ಹೋಗುತ್ತಾಳೆ. ಲಾಡಿ ಬಿಚ್ಚಿ ಒಂದು ಸಲ ಸೋಪಿನ ನೀರಿನಲ್ಲಿ ಅದ್ದಿದರೆ ನಾನೂ ಇವರೂ ಇಬ್ಬರೇ. ಆದರೆ ಬಟ್ಟೆ ಹಿಡಿದ ನನ್ನ ಬೆರಳಿಗೆ ಆ ವಾಸನೆ ಆಗಲೇ ಹತ್ತಿತ್ತು, ಮೂಸಿದರೆ ಶಿವಲೀಲಾಳೇ ನನ್ನ ಅಂಗೈಯಲ್ಲಿ ಇದ್ದ ಹಾಗಿತ್ತು. ಆ ಹುಡುಗಿ ನನಗೆ ಬೇಕಾಗಿದ್ದಳು. ಅದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಮನೆ ತುಂಬಿರಲಿ ಅಂತಲ್ಲ, ಊರ ಬಾಯಿಗೆ ಹೆದರಿ ಅಂತಲೂ ಅಲ್ಲ, ಸುಮ್ಮನೆ ಬೇಕಾಗಿದ್ದಳು.

"ಗಿರಣಿ ಬಂದ್ ಮಾಡ್ರಿ," ಅಂದೆ.

"ಸಾಲು ಐತಲ್ಲ," ಅಂದರು.

"ಇರಲಿ. ನಾನು ಹುಡುಗೀನ್ನ ಕರಕೊಂಡ ಬರ್ತೀನಿ. ಅಲ್ಲೀತನಕ ಆ ಬಟ್ಟಿಗೆ ಕೈ ಹಚ್ಚಬ್ಯಾಡ್ರಿ. ನಿಮ್ಮ ವಾಸನಿ ಮ್ಯಾಲೆ ಮ್ಯಾಲೆ ಕುಂಡ್ರತೈತಿ."

ಹೆಂಗಸರು ಗೊಣಗಲಿಲ್ಲ. ಅವರಲ್ಲಿ ಒಬ್ಬಾಕೆ ಡಬ್ಬಿ ಪಕ್ಕಕ್ಕೆ ಸರಿಸಿ, "ದಾಕ್ಷಾನ ಕೈಯಾಗಿಂದು, ಹೌದಲ್ಲ?" ಅಂತ ಮಾತ್ರ ಕೇಳಿದಳು. ನಾನು ಶಾಲೆಗೆ ಹೋಗಿ ಕ್ಲಾಸಿನ ಬಾಗಿಲಲ್ಲಿ ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಅವಳ ಹೆಸರು ಕೂಗಿದೆ. ಇಡೀ ಕ್ಲಾಸು ಎದ್ದು ನಿಂತಿತು. ಗಿರಣಿಯ ಮೆಟ್ಟಿಲ ಹತ್ತಿರ ಬಂದಾಗ ಅವಳ ಹೆಜ್ಜೆ ತಾನಾಗಿಯೇ ನಿಂತಿತು. ಮೂಗು ಅರಳಿತು. ಒಳಗೆ ಓಡಿದಳು.

ಮಿಶಿನ್ನು ಸುಮ್ಮನಿತ್ತು. ಅವಳು ಬಟ್ಟೆಯ ತೋಳನ್ನು ಎರಡೂ ಕೈಯಿಂದ ಹಿಡಿದು ಮುಖ ಒಳಗೆ ಹುದುಗಿಸಿದಳು. ಹಿಟ್ಟೆಲ್ಲ ತಲೆಯ ಮೇಲೆ, ಹೆಗಲ ಮೇಲೆ, ಯೂನಿಫಾರ್ಮಿನ ಮೇಲೆ ಸುರಿಯಿತು. ಅತ್ತಳೋ ನಕ್ಕಳೋ ಹೊರಗೆ ಕಾಣಲಿಲ್ಲ. ಇವರು ಹೋಗಿ ಅವಳ ಹಿಂದೆ ಮೊಣಕಾಲೂರಿ ಕುಳಿತರು, ಅವಳು ಒಂದು ಕೈ ಬಿಟ್ಟು ಅಪ್ಪನ ಕುತ್ತಿಗೆ ಹಿಡಿದುಕೊಂಡಳು. ಚಿಗಳಿ ಇಬ್ಬರ ನಡುವೆ ತೂರಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಅದು ಅಪ್ಪ, ಅವ್ವ, ಮಗಳು ಆ ಮೂವರ ಹೊತ್ತು, ಅಲ್ಲಿ ನನಗೆ ಕೆಲಸವಿರಲಿಲ್ಲ. ಕಣ್ಣು ತುಂಬಿ ಬಂದಿತ್ತು, ಹಿಟ್ಟು ಹಾರಿತೆಂದು ಹೆಂಗಸರಿಗೆ ಹೇಳಿದೆ.

ಸ್ವಲ್ಪ ಹೊತ್ತಿಗೆ ಶಿವಲೀಲಾ ಹೊರಗೆ ಬಂದಳು, ರೆಪ್ಪೆಯವರೆಗೂ ಬೆಳ್ಳಗೆ. ಬಟ್ಟೆಯನ್ನು ಮನೆಗೆ ಒಯ್ಯೋಣವೇ ಎಂದು ಕೇಳಿದೆ. ಬೇಡ ಅಂದಳು. "ಅವ್ವ ಇಲ್ಲೇ ಕೆಲಸಾ ಮಾಡ್ತಿದ್ಲು. ಇಲ್ಲೇ ಇರಲಿ. ನಾ ಬಂದ್ ಹೋಗ್ತೀನಿ." ಆಮೇಲೆ ಕಾಯುತ್ತಿದ್ದ ಹೆಂಗಸರ ಕಡೆ ತಿರುಗಿ, "ಅಪ್ಪಾ, ಗಿರಣಿ ಚಾಲೂ ಮಾಡು, ಮಂದಿ ಕುಂತಾರ," ಅಂದಳು.

ಸಂಜೆ ಮನೆಯಲ್ಲಿ ಅವಳ ಚೀಲ ಬಾಗಿಲ ಪಕ್ಕದಲ್ಲಿ ಇನ್ನೂ ಹಾಗೇ ಇತ್ತು. ನಾನು ಅದನ್ನು ನೋಡಿಯೂ ನೋಡದ ಹಾಗೆ ಪಾತ್ರೆ ತೊಳೆಯುತ್ತಿದ್ದೆ. ಬೆಳಗಾದರೆ ಅಡಿವೆಪ್ಪ ಬರುವವನಿದ್ದ. ಅವಳು ಚಿಗಳಿಯ ಜೊತೆ ಮತ್ತೆ ಮನೆಯೆಲ್ಲ ಮೂಸುತ್ತ ತಿರುಗುತ್ತಿದ್ದಳು. ನಡುಮನೆ, ಕೋಣೆ, ಜಗುಲಿ. ಇನ್ನೇನು ಹುಡುಕುತ್ತಿದ್ದಾಳೆಂದು ತಿಳಿಯಲಿಲ್ಲ. ಕೊನೆಗೆ ಅಡುಗೆಮನೆಗೆ ಬಂದು ನನ್ನ ಸೆರಗಿನ ತುದಿ ಹಿಡಿದು ಮೂಸಿದಳು. ಹುಬ್ಬು ಗಂಟಿಕ್ಕಿದಳು.

"ಈ ವಾಸನಿ ಮನ್ಯಾಗ ಎಲ್ಲೂ ಇಲ್ಲ," ಅಂದಳು.

"ಯಾವುದು, ಡೀಸೆಲ್ಲೇನು?"

"ನಿಮ್ದು. ಗ್ವಾಡಿಗಿಲ್ಲ, ಕಂಬಕ್ಕಿಲ್ಲ, ಎಲ್ಲೂ ಇಲ್ಲ. ನೀವು ಎಲ್ಲಿ ಕೂಡ್ತೀರಿ?"

ಏನು ಹೇಳಲಿ? ಹೊಸ ಸುಣ್ಣದ ಗೋಡೆ ನನ್ನ ಬೆನ್ನಿನಿಂದ ಕೊಳೆಯಾದೀತೆಂದು ನಾನು ಎಂದೂ ಒರಗಿದವಳಲ್ಲ. ಊಟ ಒಲೆಯ ಮುಂದೆ ನಿಂತೇ ಆಗುತ್ತಿತ್ತು. ಚಾಪೆ ಬೆಳಗ್ಗೆ ಸುತ್ತಿ ಇಟ್ಟು, ಮಲಗಿದ ಜಾಗ ಒರೆಸಿಯೇ ಡ್ಯೂಟಿಗೆ ಹೋಗುತ್ತಿದ್ದೆ. ಇನ್ನೊಬ್ಬಳ ಮನೆ ಇದು, ನನ್ನ ಗುರುತು ಬೀಳಬಾರದು ಎಂದು ನನಗೇ ತಿಳಿಯದೆ ಎಚ್ಚರ ವಹಿಸಿದ್ದೆ. ಆ ಎಚ್ಚರವನ್ನು ಒಂಬತ್ತು ವರ್ಷದ ಹುಡುಗಿ ಮೂಗಿನಿಂದ ಹಿಡಿದುಬಿಟ್ಟಿದ್ದಳು.

ಅವಳು ನನ್ನ ಒದ್ದೆ ಕೈಯನ್ನು ಹಿಡಿದು ನಡುಮನೆಗೆ ಎಳೆದುಕೊಂಡು ಹೋದಳು. ಕಿಟಕಿಯ ಕೆಳಗೆ, ತಾನು ದಿನಾ ಅಭ್ಯಾಸ ಮಾಡುವ ಜಾಗದ ಪಕ್ಕದಲ್ಲಿ ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು ಒತ್ತಿದಳು.

"ಇಲ್ಲಿ ಕೂಡ್ರಿ. ಗ್ವಾಡಿಗಿ ಬೆನ್ನ ಹಚ್ರಿ. ದಿನಾ ಬಸ್ಸಿಂದ ಬಂದು ಇಲ್ಲೇ ಕೂಡ್ರಿ."

"ಗ್ವಾಡಿ ಹೊಲಸಾಗತೈತಿ ಮಗಳ."

"ಆಗಲಿ," ಅಂದಳು. "ಇಲ್ಲಾಂದ್ರ ಆಮ್ಯಾಲೆ ನಾ ಏನ್ ಹುಡುಕ್ಲಿ?"

ನಾನು ಕುಳಿತೆ. ಬೆನ್ನನ್ನು, ತಲೆಯನ್ನು, ಎಣ್ಣೆ ಹಚ್ಚಿದ ಕೂದಲನ್ನು, ಎಲ್ಲವನ್ನೂ ಆ ಬಿಳಿಯ ಗೋಡೆಗೆ ಗಟ್ಟಿಯಾಗಿ ಒತ್ತಿ ಕುಳಿತೆ. ಅವಳು ಬಾಗಿಲ ಪಕ್ಕದ ಚೀಲ ಬಿಚ್ಚಿ ಅಭ್ಯಾಸದ ಪುಸ್ತಕ ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು.